ಗಾಜಿನ ಮೇಲಿನ ಮಂಜು: ದೋಷವರಿತು ದುರಸ್ತಿ

ಮನೆಯ ಮುಂದೆ ಕಾರು ನಿಲ್ಲುವುದು ಒಂದು ಕಾಲಕ್ಕೆ ಸಿರಿವಂತಿಕೆಯ ಕುರುಹಾಗಿತ್ತು. ಇಂದು ಅದು ಮಧ್ಯಮ ವರ್ಗದ ಅನೇಕ ಗೃಹಸ್ಥರ ಅಂಗಳದಲ್ಲಿಯೂ ನಿಂತಿದೆ. ಆದರೆ ವಾಹನವನ್ನು ಕೊಂಡವರು ಅದರ ಎಂಜಿನ್ನು, ಗಾಲಿ, ಬ್ರೇಕುಗಳ ವಿಷಯದಲ್ಲಿ ತೋರುವ ಆಸ್ಥೆಯನ್ನು ಗಾಜಿನ ವಿಷಯದಲ್ಲಿ ತೋರುವುದು ವಿರಳ. ಒಡೆದರೆ ಬದಲಿಸುವುದು, ಒಡೆಯದಿದ್ದರೆ ಮರೆತುಬಿಡುವುದು, ಇಷ್ಟೇ ಗಾಜಿಗೆ ಸಲ್ಲುವ ಉಪಚಾರ. ಈ ಔದಾಸೀನ್ಯ ಎಂತಹ ಅನಾಹುತವನ್ನು ತಂದೀತೆಂಬುದು ನನಗೆ ಮನವರಿಕೆಯಾದುದು ಶ್ರಾವಣ ಮಾಸದ ಒಂದು ಸಂಜೆಯಲ್ಲಿ.

ಬಂಧುಗಳ ಮನೆಯ ನಾಮಕರಣಕ್ಕೆಂದು ತೀರ್ಥಹಳ್ಳಿಯ ಕಡೆಗೆ ಹೋಗಿದ್ದೆವು. ಜಡಿಮಳೆ ಹಿಡಿದಿತ್ತು. ಹೊರಡುವ ಹೊತ್ತಿಗೆ ಐದು ಜನರು ನೆನೆದ ಬಟ್ಟೆಯಲ್ಲಿಯೇ ಕಾರನ್ನೇರಿ ಕುಳಿತೆವು. ಬಾಗಿಲು ಮುಚ್ಚಿ ಎರಡು ನಿಮಿಷ ಕಳೆಯುವುದರೊಳಗೆ ಗಾಜುಗಳೆಲ್ಲ ಹಾಲು ಬಳಿದಂತೆ ಬೆಳ್ಳಗಾದವು. ವಾಹನ ನಡೆಸುತ್ತಿದ್ದ ನನ್ನ ಅಣ್ಣನ ಮಗನು ಹಿಂಬದಿಯ ಗಾಜಿನ ಮಂಜನ್ನು ಕರಗಿಸುವ ಗುಂಡಿಯನ್ನೊತ್ತಿದನು. ಸ್ವಲ್ಪ ಹೊತ್ತಿನಲ್ಲಿ ಗಾಜಿನ ಮೇಲ್ಭಾಗವು ತಿಳಿಯಾಯಿತು. ಕೆಳಗಿನ ಒಂದು ಗೇಣಿನಷ್ಟು ಭಾಗ ಮಾತ್ರ ಹಾಗೆಯೇ ಉಳಿಯಿತು. ಇಷ್ಟು ಕಂಡರೆ ಸಾಕೆಂದು ಅವನು ಕಾರನ್ನು ಹಿಂದಕ್ಕೆ ಸರಿಸತೊಡಗಿದನು. ಆಗ ಜಗಲಿಯ ಮೇಲೆ ನಿಂತಿದ್ದ ಆ ಮನೆಯ ಹಿರಿಯ ತಾಯಿಯವರು ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಮೂರು ವರ್ಷದ ಮಗುವೊಂದು ಅಂಗಳದ ತುದಿಯಿಂದ ಕಾಗದದ ದೋಣಿಯನ್ನು ಹಿಡಿದು ನಮ್ಮ ಕಡೆಗೇ ನಡೆದುಬರುತ್ತಿತ್ತು. ಕಾರು ನಿಂತಾಗ ಮಗುವಿಗೂ ಅದಕ್ಕೂ ನಡುವೆ ಒಂದು ಮಾರಿನ ಅಂತರವೂ ಇರಲಿಲ್ಲ. ಮಗು ನಗುತ್ತಲೇ ಇತ್ತು. ನಮ್ಮಲ್ಲಿ ಯಾರಿಗೂ ಬಹಳ ಹೊತ್ತು ಮಾತು ಹೊರಡಲಿಲ್ಲ.

ಮರುದಿನವೇ ಆ ಗಾಜಿನ ದೋಷವನ್ನು ಪರೀಕ್ಷಿಸುವ ಕಾರ್ಯ ಆರಂಭವಾಯಿತು. ಅದರಿಂದ ನಾನು ಕಲಿತುದನ್ನೂ, ಅನಂತರ ಬಲ್ಲವರನ್ನು ಕೇಳಿ ತಿಳಿದುದನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮಂಜು ಹುಟ್ಟುವ ಬಗೆ

ತಣ್ಣೀರು ತುಂಬಿದ ತಂಬಿಗೆಯ ಹೊರಮೈಯಲ್ಲಿ ಹನಿಗಳು ಮೂಡುವುದನ್ನು ಯಾರು ತಾನೇ ಕಂಡಿಲ್ಲ? ಆ ನೀರು ತಂಬಿಗೆಯೊಳಗಿಂದ ಒಸರಿದುದಲ್ಲ. ಸುತ್ತಲಿನ ಗಾಳಿಯಲ್ಲಿ ಅಡಗಿದ್ದ ಆವಿಯೇ ತಂಪಾದ ಲೋಹವನ್ನು ಸೋಂಕಿ ಹನಿಗಟ್ಟಿದುದು. ಕಾರಿನ ಗಾಜಿನ ಮೇಲೆ ನಡೆಯುವುದೂ ಇದೇ ವ್ಯಾಪಾರ. ಒಳಗೆ ಕುಳಿತವರ ಉಸಿರು, ನೆನೆದ ಬಟ್ಟೆ, ಕೊಡೆ, ಪಾದರಕ್ಷೆ ಇವೆಲ್ಲವೂ ಗಾಳಿಗೆ ತೇವವನ್ನು ತುಂಬುತ್ತವೆ. ಹೊರಗಿನ ಮಳೆಯಿಂದ ತಣ್ಣಗಾದ ಗಾಜಿಗೆ ಆ ಗಾಳಿ ತಗುಲಿದೊಡನೆ ಮಂಜು ಕಟ್ಟುತ್ತದೆ. ಆದುದರಿಂದ ಮಂಜನ್ನು ನೀಗುವ ಉಪಾಯಗಳು ಎರಡೇ: ಒಳಗಿನ ಗಾಳಿಯ ತೇವವನ್ನು ತಗ್ಗಿಸುವುದು, ಇಲ್ಲವೆ ಗಾಜನ್ನು ಬೆಚ್ಚಗಾಗಿಸುವುದು.

ಮುಂಗಾಜಿಗೆ ಮೊದಲನೆಯ ಉಪಾಯ ಒದಗುತ್ತದೆ. ಹವಾನಿಯಂತ್ರಕವನ್ನು ಚಾಲೂ ಮಾಡಿದಾಗ ಅದರೊಳಗಿನ ತಣ್ಣನೆಯ ಸುರುಳಿಯ ಮೇಲೆ ಆವಿಯು ನೀರಾಗಿ ಇಳಿದು ಕಾರಿನ ಅಡಿಯಿಂದ ತೊಟ್ಟಿಕ್ಕುತ್ತದೆ; ಒಣಗಿದ ಗಾಳಿ ಗಾಜಿನತ್ತ ಬೀಸುತ್ತದೆ. ಒಳಗಿನ ಗಾಳಿಯೇ ಸುತ್ತುವ ವ್ಯವಸ್ಥೆಯನ್ನು ನಿಲ್ಲಿಸಿ ಹೊರಗಾಳಿಯನ್ನು ಬಿಟ್ಟುಕೊಂಡರೆ ಫಲ ಇನ್ನೂ ಶೀಘ್ರ. ಆದರೆ ಈ ಗಾಳಿ ಹಿಂಬದಿಯ ಗಾಜನ್ನು ಸರಿಯಾಗಿ ತಲುಪದು. ಆದುದರಿಂದಲೇ ಅಲ್ಲಿ ಎರಡನೆಯ ಉಪಾಯ, ಎಂದರೆ ವಿದ್ಯುತ್ತಿನಿಂದ ಗಾಜನ್ನು ಬೆಚ್ಚಗಾಗಿಸುವ ಡಿಫಾಗರ್ ಎಂಬ ಏರ್ಪಾಡು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಂಜು ಗಾಜಿನ ಯಾವ ಮೈಯಲ್ಲಿದೆ ಎಂಬುದನ್ನು ಮೊದಲು ಬೆರಳಿನಿಂದ ಒರಸಿ ನೋಡಬೇಕು. ಮಂಗಳೂರು, ಉಡುಪಿಗಳಂತಹ ಕರಾವಳಿಯ ಊರುಗಳಲ್ಲಿ ಹೊರಗಿನ ಗಾಳಿಯೇ ಬೆಚ್ಚಗೂ ತೇವಭರಿತವೂ ಆಗಿರುತ್ತದೆ. ಅಲ್ಲಿ ಹವಾನಿಯಂತ್ರಕದಿಂದ ಗಾಜು ಅತಿಯಾಗಿ ತಣಿದರೆ ಮಂಜು ಹೊರಮೈಯಲ್ಲಿ ಕಟ್ಟುತ್ತದೆ. ಒಳಗಿನಿಂದ ಎಷ್ಟು ಒರಸಿದರೂ ಅದು ಹೋಗದು. ವೈಪರನ್ನು ಆಡಿಸಿ, ಒಳಗಿನ ಶೈತ್ಯವನ್ನು ತುಸು ತಗ್ಗಿಸಿದರೆ ಸಾಕು.

ಎರಡು ಬಗೆಯ ಗಾಜು

ಏರಿಳಿಯದೆ ಒಂದೆಡೆ ನೆಲೆಯಾಗಿ ನಿಂತ ಗಾಜುಗಳು ಕಾರಿನಲ್ಲಿ ಮುಖ್ಯವಾಗಿ ಮೂರು: ಮುಂಗಾಜು, ಹಿಂಗಾಜು, ಮತ್ತು ಪಕ್ಕದ ಮೂಲೆಗಳಲ್ಲಿರುವ ಸಣ್ಣ ಗಾಜುಗಳು. ನೋಟಕ್ಕೆ ಎಲ್ಲವೂ ಒಂದೇ. ಸ್ವಭಾವದಲ್ಲಿ ಮಾತ್ರ ಅಜಗಜಾಂತರ.

ಮುಂಗಾಜು ಲ್ಯಾಮಿನೇಟೆಡ್ ಬಗೆಯದು. ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದುದು. ಎದ್ವಾರ್ ಬೆನೆದಿಕ್ತುಸ್ ಎಂಬ ಫ್ರೆಂಚ್ ರಸಾಯನವೇತ್ತನ ಪ್ರಯೋಗಶಾಲೆಯಲ್ಲಿ 1903ರಲ್ಲಿ ಒಂದು ಗಾಜಿನ ಪಾತ್ರೆ ಕೆಳಗೆ ಬಿದ್ದು ಬಿರಿದರೂ ಚೂರುಚೂರಾಗಿ ಸಿಡಿಯಲಿಲ್ಲ. ಅದರ ಒಳಮೈಗೆ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ತೆಳುಪೊರೆ ತುಂಡುಗಳನ್ನು ಹಿಡಿದಿಟ್ಟಿತ್ತು. ಆ ಆಕಸ್ಮಿಕವೇ ಪದರಗಾಜಿನ ಮೂಲ. 1909ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದನು. ಇಂದಿನ ಮುಂಗಾಜು ಕಲ್ಲೇಟಿಗೆ ಬಿರುಕು ಬಿಟ್ಟರೂ ಮುಖದ ಮೇಲೆ ಸಿಡಿಯದಿರುವುದು ಈ ತತ್ತ್ವದಿಂದಲೇ.

ಹಿಂಗಾಜು ಸಾಮಾನ್ಯವಾಗಿ ಟೆಂಪರ್ಡ್ ಬಗೆಯದು. ಒಂದೇ ಹಾಳೆಯನ್ನು 600 ಡಿಗ್ರಿ ಸೆಲ್ಷಿಯಸ್ಸಿಗೂ ಮೀರಿ ಕಾಯಿಸಿ, ಬಳಿಕ ತಣ್ಣನೆಯ ಗಾಳಿಯನ್ನು ರಭಸದಿಂದ ಊದಿ ಹದಗೊಳಿಸುತ್ತಾರೆ. ಇದರಿಂದ ಗಾಜಿನ ಹೊರಮೈ ಅದುಮಿದ ಸ್ಥಿತಿಯಲ್ಲಿಯೂ ಒಡಲು ಎಳೆತದ ಸ್ಥಿತಿಯಲ್ಲಿಯೂ ನಿಲ್ಲುತ್ತವೆ. ಈ ಗಾಜು ಬಲವಾದುದು; ಆದರೆ ಒಡೆದರೆ ಇಡಿಯಾಗಿ ಒಡೆದು, ಮೊನಚಿಲ್ಲದ ಸಣ್ಣ ಕಾಳುಗಳಾಗಿ ಉದುರುತ್ತದೆ.

ದುರಸ್ತಿಯ ವಿವೇಕ ಹುಟ್ಟುವುದು ಈ ಭೇದದಿಂದ. ಮುಂಗಾಜಿಗೆ ಕಲ್ಲು ಸಿಡಿದು ನಾಣ್ಯದಷ್ಟು ಗಾತ್ರದ ಚಿಕ್ಕ ಗಾಯವಾದರೆ ಅದರೊಳಗಿನ ಗಾಳಿಯನ್ನು ಹೀರಿ ತೆಗೆದು, ಪಾರದರ್ಶಕವಾದ ರಾಳವನ್ನು ತುಂಬಿ, ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸಬಹುದು. ಈ ಕೆಲಸ ವಿಳಂಬವಾದಷ್ಟೂ ಗಾಯದಲ್ಲಿ ದೂಳು ತೇವಗಳು ಸೇರಿ ರಾಳ ಹಿಡಿಯುವುದಿಲ್ಲ. ಆದುದರಿಂದ ಏಟು ಬಿದ್ದ ದಿನವೇ ಅದರ ಮೇಲೆ ಪಾರದರ್ಶಕ ಅಂಟುಪಟ್ಟಿಯನ್ನು ಹಚ್ಚಿ, ಕಾರು ತೊಳೆಯುವುದನ್ನು ಮುಂದೂಡಿ, ಬೇಗನೆ ತೋರಿಸಬೇಕು. ಬಿಸಿಲಿನಲ್ಲಿ ಕಾದ ಗಾಜಿಗೆ ತಣ್ಣೀರೆರಚಿದರೆ ಚಿಕ್ಕ ಗಾಯವೇ ಉದ್ದನೆಯ ಬಿರುಕಾಗಿ ಹರಿದೀತು. ಬಿರುಕು ನೀಳವಾಗಿದ್ದರೆ, ಅಂಚನ್ನು ಮುಟ್ಟಿದ್ದರೆ, ಅಥವಾ ಚಾಲಕನ ದೃಷ್ಟಿಗೆ ನೇರ ಎದುರಿನಲ್ಲಿದ್ದರೆ ಗಾಜನ್ನು ಬದಲಿಸುವುದೇ ಕ್ಷೇಮ. ಹದಗೊಳಿಸಿದ ಹಿಂಗಾಜಿಗೆ ರಾಳದ ಚಿಕಿತ್ಸೆಯೇ ಇಲ್ಲ. ಅದರ ಒಡಲಿನವರೆಗೆ ಬಿರುಕು ಇಳಿದರೆ ಉಳಿಯುವುದು ಕಾಳುಗಳ ರಾಶಿ ಮಾತ್ರ. ಆದರೆ ಅದರ ಮೇಲಿನ ಮಂಜು ಕರಗಿಸುವ ಎಳೆಗಳು ಹರಿದರೆ ಅದಕ್ಕೆ ಚಿಕಿತ್ಸೆಯುಂಟು. ಈ ಮಾತನ್ನು ಅರಿಯದವರು ಒಂದು ಎಳೆ ಹರಿದಿತೆಂದು ಇಡೀ ಗಾಜನ್ನೇ ಬದಲಿಸುತ್ತಾರೆ.

ತೇವವನ್ನು ತರುವ ಸೋರಿಕೆ

ಕಾರಿನಲ್ಲಿ ಯಾರೂ ಕುಳಿತಿರದಿದ್ದರೂ ಪ್ರತಿದಿನ ಬೆಳಿಗ್ಗೆ ಒಳಮೈಯಲ್ಲಿ ಮಂಜು ಕಟ್ಟಿರುತ್ತದೆಯೆ? ಮುಗ್ಗಲು ವಾಸನೆ ಬರುತ್ತದೆಯೆ? ಹಾಗಿದ್ದರೆ ದೋಷ ಡಿಫಾಗರಿನದಲ್ಲ. ಎಲ್ಲಿಂದಲೋ ನೀರು ಒಳಸೇರಿ ಕಾಲಡಿಯ ಹಾಸಿನಲ್ಲಿ ನಿಂತಿದೆಯೆಂದು ತಿಳಿಯಬೇಕು. ಹಾಸನ್ನೆತ್ತಿ ಹಳೆಯ ವೃತ್ತಪತ್ರಿಕೆಯನ್ನು ಒತ್ತಿ ನೋಡಿದರೆ ನಿಜ ಹೊರಬೀಳುತ್ತದೆ.

ನೆಲೆಗಾಜುಗಳ ಸುತ್ತಲಿನ ಸಂದು ಇಂತಹ ಸೋರಿಕೆಯ ಒಂದು ಪ್ರಮುಖ ದ್ವಾರ. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಗಾಜನ್ನು ರಬ್ಬರಿನ ಅಂಚುಪಟ್ಟಿಯಲ್ಲಿ ಕೂರಿಸುತ್ತಿದ್ದರು. ಪಟ್ಟಿಯ ಸೀಳಿನಲ್ಲಿ ಒಂದು ಹುರಿಯನ್ನಿಟ್ಟು, ಒಬ್ಬನು ಹೊರಗಿನಿಂದ ಗಾಜನ್ನು ಒತ್ತುತ್ತಿರಲು ಇನ್ನೊಬ್ಬನು ಒಳಗಿನಿಂದ ಹುರಿಯನ್ನೆಳೆದರೆ ರಬ್ಬರಿನ ತುಟಿ ಲೋಹದಂಚಿನ ಮೇಲೆ ತಾನಾಗಿ ಮಡಿಚಿಕೊಳ್ಳುತ್ತಿತ್ತು. ಆ ರಬ್ಬರು ಬಿಸಿಲಿಗೆ ಗಡುಸಾಗಿ ಬಿರಿದಾಗ ನೀರು ಇಳಿಯುತ್ತಿತ್ತು. ಪಟ್ಟಿ ಬದಲಿಸಿದರೆ ಸರಿಹೋಗುತ್ತಿತ್ತು. ಇಂದಿನ ಕಾರುಗಳ ಮುಂಗಾಜು ಹಿಂಗಾಜುಗಳನ್ನು ಪಾಲಿಯುರಿಥೇನ್ ಎಂಬ ಬಲವಾದ ಅಂಟಿನಿಂದ ನೇರವಾಗಿ ಲೋಹಕ್ಕೆ ಬೆಸೆಯುತ್ತಾರೆ. ಗಾಜಿನಂಚಿನಲ್ಲಿ ಕಾಣುವ ಕಪ್ಪು ಪಟ್ಟಿ ಅಲಂಕಾರಕ್ಕಾಗಿ ಬಳಿದುದಲ್ಲ. ಸೂರ್ಯನ ಅತಿನೇರಳೆ ಕಿರಣಗಳಿಂದ ಆ ಅಂಟು ಶಿಥಿಲವಾಗದಂತೆ ಕಾಯುವ ಮರೆ ಅದು.

ಸೋರಿಕೆಯ ಜಾಗವನ್ನು ಪತ್ತೆಹಚ್ಚಲು ಇಬ್ಬರು ಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತುಕೊಳ್ಳಬೇಕು. ಇನ್ನೊಬ್ಬರು ಹೊರಗಿನಿಂದ ಕೊಳವೆಯ ನೀರನ್ನು ರಭಸವಿಲ್ಲದೆ, ಗಾಜಿನ ಕೆಳಗಿನ ಅಂಚಿನಿಂದ ತೊಡಗಿ ಮೇಲಕ್ಕೆ, ಒಂದೊಂದು ಭಾಗಕ್ಕೂ ಕೆಲವು ನಿಮಿಷಗಳ ಕಾಲ ಬಿಡಬೇಕು. ಮೇಲಿನಿಂದ ಒಮ್ಮೆಲೇ ಸುರಿದರೆ ನೀರು ಎಲ್ಲೆಡೆಗೂ ಹರಿದು, ಒಳಹೊಕ್ಕ ಜಾಗ ಯಾವುದೆಂದು ತಿಳಿಯುವುದಿಲ್ಲ. ನೀರು ಇಳಿಯುವುದು ಒಂದೆಡೆ, ತೋರುವುದು ಮತ್ತೊಂದೆಡೆ. ಮೇಲ್ಮೂಲೆಯಲ್ಲಿ ನುಸುಳಿದ ಹನಿ ಲೋಹದ ಕಂಬದೊಳಗೆ ಹರಿದು ಕಾಲಡಿಯಲ್ಲಿ ನಿಲ್ಲಬಹುದು. ಗಾಜನ್ನು ದೂರುವ ಮುನ್ನ ಮುಂಗಾಜಿನ ಬುಡದ ನೀರು ಹೋಗುವ ಕಂಡಿಗಳಲ್ಲಿ ಎಲೆ ಕಸ ತುಂಬಿದೆಯೆ, ಹಿಂಬದಿಯ ದೀಪದ ರಬ್ಬರು ಸವೆದಿದೆಯೆ, ಹವಾನಿಯಂತ್ರಕದ ನೀರು ಹೊರಹೋಗುವ ನಳಿಕೆ ಕಟ್ಟಿದೆಯೆ ಎಂಬುದನ್ನೂ ನೋಡಬೇಕು.

ಸೋರುವ ಸಂದಿಗೆ ಅಂಗಡಿಯ ಸಿಲಿಕೋನನ್ನು ಮೆತ್ತುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಸರಿಯಲ್ಲ. ಸಿಲಿಕೋನಿನ ಶೇಷ ಉಳಿದ ಮೈಗೆ ಮುಂದೆ ಪಾಲಿಯುರಿಥೇನ್ ಹಿಡಿಯುವುದಿಲ್ಲ. ಹುಳಿ ವಾಸನೆ ಸೂಸುವ ಬಗೆಯ ಸಿಲಿಕೋನು ಲೋಹಕ್ಕೆ ತುಕ್ಕನ್ನೂ ತರುತ್ತದೆ. ಅಂಟಿನ ಕೆಳಗೆ ತುಕ್ಕು ಹಿಡಿದಿದ್ದರೆ ಗಾಜನ್ನು ಬಿಡಿಸಿ, ತುಕ್ಕನ್ನು ತೆಗೆದು, ಮೂಲಲೇಪವನ್ನು ಬಳಿದು ಮತ್ತೆ ಕೂರಿಸುವುದೊಂದೇ ಮಾರ್ಗ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇಲ್ಲಿ ಮಿತವ್ಯಯವೂ ಸಲ್ಲದು. ಏಕೆಂದರೆ ಅಂಟಿಸಿದ ಮುಂಗಾಜು ಕಾರಿನ ಛಾವಣಿಗೆ ಬಲವನ್ನು ಕೊಡುತ್ತದೆ; ಅನೇಕ ಕಾರುಗಳಲ್ಲಿ ಪಕ್ಕದ ಆಸನದ ಗಾಳಿಚೀಲ ಉಬ್ಬುವಾಗ ಮುಂಗಾಜನ್ನೇ ಆನಿಕೊಳ್ಳುತ್ತದೆ. ಹೊಸದಾಗಿ ಕೂರಿಸಿದ ಗಾಜಿನ ಅಂಟು ಸಾಕಷ್ಟು ಗಟ್ಟಿಯಾಗುವವರೆಗೆ ವಾಹನವನ್ನು ಓಡಿಸಬಾರದು. ಆ ಅವಧಿ ಅಂಟಿನಿಂದ ಅಂಟಿಗೆ ಭಿನ್ನ. ಅದನ್ನು ಕೇಳಿ ತಿಳಿದು ಪಾಲಿಸಬೇಕು.

ಹಿಂಗಾಜಿನ ಎಳೆಗಳು

ಈಗ ಡಿಫಾಗರಿನ ವಿಚಾರಕ್ಕೆ ಬರೋಣ. ಹಿಂಗಾಜಿನಲ್ಲಿ ಅಡ್ಡಲಾಗಿ ಕಾಣುವ ಕಂದು ಬಣ್ಣದ ಗೆರೆಗಳು ಬರಿಯ ಬಣ್ಣವಲ್ಲ. ಬೆಳ್ಳಿ ಬೆರೆತ ಲೇಪವನ್ನು ಗಾಜಿನ ಒಳಮೈಯಲ್ಲಿ ಅಚ್ಚೊತ್ತಿ ಸುಟ್ಟು ಹಿಡಿಸಿದ ವಿದ್ಯುತ್ ಮಾರ್ಗಗಳು. ಎಡಬಲಗಳಲ್ಲಿ ಅಗಲವಾದ ಎರಡು ಪಟ್ಟಿಗಳಿರುತ್ತವೆ. ಒಂದು ಪಟ್ಟಿಗೆ ಬ್ಯಾಟರಿಯಿಂದ ಫ್ಯೂಸು, ರಿಲೇ, ಗುಂಡಿಗಳ ಮೂಲಕ ವಿದ್ಯುತ್ತು ಬರುತ್ತದೆ. ಅದು ಎಳೆಗಳಲ್ಲಿ ಹರಿದು ಇನ್ನೊಂದು ಪಟ್ಟಿಯಿಂದ ಕಾರಿನ ಲೋಹದೊಡಲಿಗೆ ಸೇರುತ್ತದೆ. ಹರಿಯುವಾಗ ಎಳೆಗಳು ಬಿಸಿಯಾಗಿ ಗಾಜನ್ನು ಬೆಚ್ಚಗಿಡುತ್ತವೆ. ಈ ಏರ್ಪಾಡಿಗೆ ಬೇಕಾಗುವ ವಿದ್ಯುತ್ತು ಹೆಚ್ಚಾದುದರಿಂದ ಎಂಜಿನ್ ಓಡುತ್ತಿರುವಾಗ ಮಾತ್ರ ಬಳಸಬೇಕು. ಬಹಳಷ್ಟು ಕಾರುಗಳಲ್ಲಿ ಸ್ವಲ್ಪ ಹೊತ್ತಿನ ನಂತರ ಅದು ತಾನಾಗಿಯೇ ನಿಲ್ಲುತ್ತದೆ. ಅದನ್ನು ದೋಷವೆಂದು ಬಗೆಯಬಾರದು.

ಎಳೆಗಳೆಲ್ಲ ಒಂದಕ್ಕೊಂದು ಸಮಾಂತರವಾಗಿ ಜೋಡಣೆಗೊಂಡಿವೆ. ಆದುದರಿಂದ ಒಂದು ಎಳೆ ಹರಿದರೆ ಆ ಎಳೆಯೊಂದೇ ತಣ್ಣಗಾಗುತ್ತದೆ. ಉಳಿದವು ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಇಡೀ ಗಾಜು ಬೆಚ್ಚಗಾಗದಿದ್ದರೆ ದೋಷ ಎಳೆಗಳಲ್ಲಿಲ್ಲ. ಫ್ಯೂಸು, ರಿಲೇ, ಗುಂಡಿ, ಲೋಹದೊಡಲಿನ ಸಂಪರ್ಕ, ಅಥವಾ ಪಟ್ಟಿಗೆ ತಂತಿಯನ್ನು ಕೂಡಿಸುವ ಲೋಹದ ಕೊಂಡಿ, ಇವುಗಳಲ್ಲಿ ಒಂದು ಕೆಟ್ಟಿರಬೇಕು. ಮೊದಲು ನೋಡಬೇಕಾದುದು ಫ್ಯೂಸನ್ನು. ಗಾಜಿನ ಒಂದು ಭಾಗ ಮಾತ್ರ ಮಂಜಾಗಿ ಉಳಿದರೆ, ನಮ್ಮ ಕಾರಿನಲ್ಲಿ ಆದಂತೆ, ಆ ಭಾಗದ ಎಳೆಗಳು ಹರಿದಿವೆಯೆಂದು ನಿಶ್ಚಯ. ಈ ಪರೀಕ್ಷೆಗೆ ಉಪಕರಣವೇ ಬೇಡ. ಮಂಜಿನ ಮುಂಜಾನೆಯೇ ಸಾಕು.

ಹರಿದೆಡೆಯ ಶೋಧನೆ

ನಮ್ಮ ಕಾರನ್ನು ಮೊದಲು ತೋರಿಸಿದ ಕಡೆಯಲ್ಲಿ ಗಾಜನ್ನೇ ಬದಲಿಸಬೇಕೆಂದರು. ಬಳಿಕ ವಾಹನಗಳ ವಿದ್ಯುತ್ ಕೆಲಸದಲ್ಲಿ ತಲೆ ನರೆತ ಕುಶಲಕರ್ಮಿಯೊಬ್ಬರು ಗಾಜನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, “ಇದರ ಮೇಲೆ ಕಪ್ಪು ಹಾಳೆ ಇತ್ತೆ?” ಎಂಬುದು. ಇದ್ದುದು ನಿಜ. ವಾಹನದ ಗಾಜುಗಳಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರ ತೀರ್ಪಿನಲ್ಲಿ ನಿಷೇಧಿಸಿತ್ತು. ಮುಂಗಾಜು ಹಿಂಗಾಜುಗಳ ಮೂಲಕ ಶೇಕಡಾ 70ರಷ್ಟಾದರೂ ಬೆಳಕು ಹಾಯಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ. ಹಿಂದಿನ ಒಡೆಯರು ಅಂಟಿಸಿದ್ದ ಹಾಳೆಯನ್ನು ನನ್ನ ಅಣ್ಣನ ಮಗನು ಕೀಳಿಸಿದ್ದನು. ಕಿತ್ತವರು ಉಳಿದ ಅಂಟನ್ನು ಬ್ಲೇಡಿನಿಂದ ಕೆರೆದಿದ್ದರು. ಕೆರೆದದ್ದು ಅಂಟನ್ನಷ್ಟೇ ಅಲ್ಲ, ಕೆಳಗಿನ ನಾಲ್ಕು ಎಳೆಗಳನ್ನು ಕೂಡ.

ಅವರು ಶೋಧಿಸಿದ ಕ್ರಮ ಬಹಳ ಸರಳ. ಎಂಜಿನ್ನನ್ನೂ ಡಿಫಾಗರನ್ನೂ ಚಾಲೂ ಮಾಡಿ, ವೋಲ್ಟ್‌ಮೀಟರಿನ ಎರಡು ಮೊನೆಗಳನ್ನು ಎರಡು ಪಟ್ಟಿಗಳಿಗೆ ತಾಗಿಸಿದರು. ಅಲ್ಲಿ ಸುಮಾರು 12 ವೋಲ್ಟ್ ಅಥವಾ ತುಸು ಹೆಚ್ಚು ತೋರಬೇಕು. ತೀರ ಕಡಿಮೆಯಿದ್ದರೆ ದೋಷ ತಂತಿಯಲ್ಲೋ ಸಂಪರ್ಕದಲ್ಲೋ ಇದೆ. ಬಳಿಕ ಕಪ್ಪು ಮೊನೆಯನ್ನು ಲೋಹದೊಡಲಿಗೆ ಸೇರುವ ಪಟ್ಟಿಯಲ್ಲಿಯೇ ಬಿಟ್ಟು, ಕೆಂಪು ಮೊನೆಗೆ ಅಲ್ಯೂಮಿನಿಯಂ ಹಾಳೆಯ ಚೂರನ್ನು ಸುತ್ತಿ, ಎಳೆ ಗೀರದಂತೆ ಪ್ರತಿಯೊಂದು ಎಳೆಯ ನಡುಮಧ್ಯಕ್ಕೆ ತಾಗಿಸಿದರು. ಆರೋಗ್ಯವಾದ ಎಳೆಯ ನಡುವೆ ಸುಮಾರು 6 ವೋಲ್ಟ್, ಎಂದರೆ ಅರ್ಧ ಬಲ, ತೋರುತ್ತದೆ. ಪೂರ್ಣ 12 ತೋರಿದರೆ ಎಳೆ ಹರಿದಿರುವುದು ನಡುವಿಗೂ ಕಪ್ಪು ಮೊನೆಯ ಪಟ್ಟಿಗೂ ಮಧ್ಯೆ. ಸೊನ್ನೆ ತೋರಿದರೆ ನಡುವಿಗೂ ವಿದ್ಯುತ್ತು ಬರುವ ಪಟ್ಟಿಗೂ ಮಧ್ಯೆ. ಆಮೇಲೆ ಆ ಎಳೆಯ ಗುಂಟ ಮೊನೆಯನ್ನು ಮೆಲ್ಲನೆ ಸರಿಸುತ್ತ ಹೋದರೆ ಒಂದೆಡೆಯಲ್ಲಿ ಸೂಚಿ ಥಟ್ಟನೆ ಜಿಗಿಯುತ್ತದೆ. ಹರಿದಿರುವುದು ಅಲ್ಲಿಯೇ. ಅವರು ಅಲ್ಲೆಲ್ಲ ಹೊರಮೈಯಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿದರು. ಒಟ್ಟು ಗುರುತುಗಳು ಐದು. ಒಂದೊಂದು ಹರಕೂ ಸಾಸಿವೆ ಕಾಳಿನ ಅಗಲಕ್ಕಿಂತ ಹೆಚ್ಚಿರಲಿಲ್ಲ.

ಬೆಳ್ಳಿಯ ಲೇಪ

ಹರಿದೆಡೆಯನ್ನು ಕೂಡಿಸಲು ಬೆಳ್ಳಿ ಬೆರೆತ, ವಿದ್ಯುತ್ತು ಹರಿಯುವ ಬಣ್ಣ ಚಿಕ್ಕ ಸೀಸೆಗಳಲ್ಲಿ ದೊರೆಯುತ್ತದೆ. ಮೊದಲು ಡಿಫಾಗರನ್ನು ನಿಲ್ಲಿಸಿ, ಗಾಜು ತಣಿದ ಮೇಲೆ, ಹರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೃದುವಾಗಿ ಒರಸಿ ಜಿಡ್ಡು ತೆಗೆಯಬೇಕು. ಎಳೆಯ ಮೇಲೂ ಕೆಳಗೂ ಅಂಟುಪಟ್ಟಿ ಹಚ್ಚಿ, ನಡುವೆ ಎಳೆಯ ಅಗಲದಷ್ಟೇ ಸಂದನ್ನು ಬಿಡಬೇಕು. ಲೇಪವನ್ನು ಸಣ್ಣ ಕುಂಚದಿಂದ ಹರಿದೆಡೆಯ ಎರಡು ಪಕ್ಕಕ್ಕೂ ಅರ್ಧ ಸೆಂಟಿಮೀಟರಿನಷ್ಟು ಹಾಯುವಂತೆ ತೆಳುವಾಗಿ ಬಳಿದು, ಆರಿದ ಮೇಲೆ ಮತ್ತೆ ಬಳಿಯಬೇಕು. ಒಮ್ಮೆಲೇ ದಪ್ಪನಾಗಿ ಮೆತ್ತಿದರೆ ಅದು ನಿಲ್ಲದು. ಬಳಿಕ ಅಂಟುಪಟ್ಟಿಯನ್ನು ಜೋಪಾನವಾಗಿ ಬಿಡಿಸಿ, ಒಂದು ಹಗಲು ಒಂದು ರಾತ್ರಿ ಗುಂಡಿಯನ್ನೊತ್ತದೆ ಕಾಯಬೇಕು.

ಈ ಚಿಕಿತ್ಸೆಗೂ ಮಿತಿಯುಂಟು. ಎಳೆ ಸುಮಾರು 5 ಸೆಂಟಿಮೀಟರಿಗಿಂತ ಉದ್ದಕ್ಕೆ ಅಳಿಸಿಹೋಗಿದ್ದರೆ ಲೇಪವನ್ನು ನೆಚ್ಚುವಂತಿಲ್ಲ. ಪಟ್ಟಿಯಿಂದ ಲೋಹದ ಕೊಂಡಿ ಕಳಚಿದ್ದರೆ ಸಾಮಾನ್ಯ ಅಂಟುಗಳು ಪ್ರಯೋಜನಕ್ಕೆ ಬಾರವು, ಅವುಗಳಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಬೆಳ್ಳಿ ಬೆರೆತ ಎಪಾಕ್ಸಿಯೋ ಅನುಭವಿಗಳ ಬೆಸುಗೆಯೋ ಬೇಕು. ಕಾದ ಬೆಸುಗೆಗೋಲನ್ನು ಹೆಚ್ಚು ಹೊತ್ತು ಒತ್ತಿದರೆ ಗಾಜೇ ಒಡೆದೀತು. ಇನ್ನು ಕೆಲವು ಕಾರುಗಳಲ್ಲಿ ರೇಡಿಯೋ ಗ್ರಾಹಕದ ಎಳೆಗಳನ್ನೂ ಇದೇ ಗಾಜಿನ ಮೇಲೆ ಅಚ್ಚೊತ್ತಿರುತ್ತಾರೆ. ಎರಡನ್ನು ತಿಳಿಯದೆ ಕೂಡಿಸಬಾರದು.

ಮನೆಮಂದಿಯ ಎಚ್ಚರ

ಹರಿದುದನ್ನು ಕೂಡಿಸುವುದಕ್ಕಿಂತ ಹರಿಯದಂತೆ ಕಾಯುವುದು ಸುಲಭ. ಎಳೆಗಳಿರುವುದು ಒಳಮೈಯಲ್ಲಿ ಎಂಬುದನ್ನು ಮನೆಯ ಎಲ್ಲರೂ ನೆನಪಿಡಬೇಕು. ಹಿಂಗಾಜನ್ನು ಮೆತ್ತನೆಯ ಬಟ್ಟೆಯಿಂದ ಎಳೆಗಳ ದಿಕ್ಕಿನಲ್ಲಿಯೇ, ಎಂದರೆ ಎಡದಿಂದ ಬಲಕ್ಕೆ ಒರಸಬೇಕು. ಒರಸುವವರ ಕೈಯ ಉಂಗುರ ಬಳೆಗಳು ಗೀರದಂತೆ ನೋಡಿಕೊಳ್ಳಬೇಕು. ಮಕ್ಕಳು ಒಳಗಿನಿಂದ ಚಿತ್ರಗಳನ್ನು ಅಂಟಿಸಿದ್ದರೆ ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆಯದೆ, ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಬಿಡಿಸಬೇಕು. ಪ್ರಯಾಣದ ಪೆಟ್ಟಿಗೆ, ಪಾತ್ರೆಗಳನ್ನು ಗಾಜಿಗೆ ತಾಗುವಂತೆ ತುಂಬಬಾರದು. ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಡಿಫಾಗರ್ ಇರುವುದೇ ಇಲ್ಲ. ಅಂತಹವರು ಒಣಬಟ್ಟೆಯೊಂದನ್ನು ಕೈಗೆಟುಕುವಲ್ಲಿ ಇರಿಸಿಕೊಂಡು, ಹೊರಡುವ ಮುನ್ನ ಹಿಂಗಾಜನ್ನು ಒರಸಿಯೇ ಹೊರಡಬೇಕು. ಘಟ್ಟದ ರಸ್ತೆಯಲ್ಲಿ ಮಳೆಗಾಲದ ಪ್ರಯಾಣವಿದ್ದರೆ ಹಿಂದಿನ ದಿನವೇ ಡಿಫಾಗರನ್ನು ಪರೀಕ್ಷಿಸುವುದು ಒಳ್ಳೆಯದು.

ಇನ್ನೊಂದು ಮಾತನ್ನು ಮರೆಯಲಾಗದು. ಗಾಜು ಎಷ್ಟೇ ತಿಳಿಯಾಗಿದ್ದರೂ ಕಾರಿನ ಹಿಂಬದಿಗೆ ತೀರ ಸಮೀಪದಲ್ಲಿ ಕುಳಿತ ಮಗು ಚಾಲಕನಿಗೆ ಕಾಣುವುದಿಲ್ಲ. ಆದುದರಿಂದ ಮಕ್ಕಳಿರುವ ಅಂಗಳದಲ್ಲಿ ವಾಹನವನ್ನು ಹಿಂದಕ್ಕೆ ಸರಿಸುವಾಗ ಒಬ್ಬರು ಕೆಳಗಿಳಿದು ನಿಂತು ನೋಡಲೇಬೇಕು. ಆ ತಾಯಿಯವರು ಜಗಲಿಯಲ್ಲಿ ನಿಂತಿದ್ದುದು ನಮ್ಮ ಪುಣ್ಯ. ಪುಣ್ಯವನ್ನು ನೆಚ್ಚಿ ವಾಹನ ನಡೆಸುವುದು ವಿವೇಕವಲ್ಲ.

ಆ ಗಾಜು ಇಂದಿಗೂ ಅದೇ ಕಾರಿನಲ್ಲಿದೆ. ಅದರ ದುರಸ್ತಿಗೆ ತಗುಲಿದ ವೆಚ್ಚ ಹೊಸ ಗಾಜಿಗೆ ಕೇಳಿದ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಹಾಗೆಂದು ಎಲ್ಲವನ್ನೂ ಅಗ್ಗದಲ್ಲಿ ಮುಗಿಸಬೇಕೆಂಬುದು ಈ ಬರೆಹದ ಆಶಯವಲ್ಲ. ಎಳೆ ಹರಿದರೆ ಎಳೆಯನ್ನು ಕೂಡಿಸಬೇಕು. ಅಂಟು ಸಡಿಲಿದರೆ ಗಾಜನ್ನೇ ಬಿಡಿಸಿ ಮತ್ತೆ ಕೂರಿಸಬೇಕು. ಹದಗೊಂಡ ಗಾಜು ಬಿರಿದರೆ ಬದಲಿಸಬೇಕು. ಯಾವುದು ಯಾವಾಗ ಎಂಬುದನ್ನು ಹೇಳುವುದು ದೋಷದ ನೆಲೆಯೇ ಹೊರತು ನಮ್ಮ ಆತುರವಲ್ಲ, ಜಿಪುಣತನವೂ ಅಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ ತಮ್ಮ ಅಂಗಳದ ಕಾರಿನ ಹಿಂಗಾಜನ್ನು ಒಮ್ಮೆ ಬೆಚ್ಚಗಾಗಿಸಿ ನೋಡಬೇಕೆಂದು ಓದುಗರಲ್ಲಿ ನನ್ನ ವಿನಂತಿ.